ನೆಟ್ಟಗೆ ಮೇಷ್ಟ್ರು ಕೆಸರಿನಲ್ಲಿ

ಬೀದಿಯವರು ಅವರನ್ನು ಬೆನ್ನ ಹಿಂದೆ ನೆಟ್ಟಗೆ ಮೇಷ್ಟ್ರು ಅನ್ನುತ್ತಿದ್ದರು. ಎದುರಿಗೆ ಅನ್ನುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ನಿಂತರೆ ಕಂಬ, ಕೂತರೆ ಕುರ್ಚಿಗೇ ನಾಚಿಕೆಯಾಗಬೇಕು. ಜ್ವರ ಬಂದರೂ ಹಗಲು ಹೊತ್ತು ಹಾಸಿಗೆಗೆ ಬೆನ್ನು ಕೊಟ್ಟವರಲ್ಲ. ಮೀಸೆ, ಇಸ್ತ್ರಿ, ಬೂಟಿನ ಹೊಳಪು, ಯಾವುದರಲ್ಲಿ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ. ಅಕಸ್ಮಾತ್ ಸಿಕ್ಕರೆ ಅದು ಹೆಂಡತಿಯ ತಪ್ಪು.

ಅಂಥವರು ಆ ಬೆಳಿಗ್ಗೆ ಕೆರೆಯಂಗಳದಲ್ಲಿ ಮೊಣಕಾಲವರೆಗೆ ಕೆಸರಿನಲ್ಲಿ ಹೂತು ನಿಂತಿದ್ದರು. ಅಲ್ಲೂ ನೆಟ್ಟಗೇ ನಿಂತಿದ್ದರು.

ಆದದ್ದಿಷ್ಟು. ಹೆಂಡತಿಗೆ ಮಂಡಿನೋವು, ತೋರಿಸಬೇಕಾದ ಡಾಕ್ಟರು ಇರುವುದು ಕೆರೆಯ ಆಚೆ ದಡದಲ್ಲಿ. ಹೂಳೆತ್ತುವುದಕ್ಕೆಂದು ನೀರು ಖಾಲಿ ಮಾಡಿದ್ದರು. ಮೇಲ್ಪದರ ಒಣಗಿ, ಬಿರುಕು ಬಿಟ್ಟು, ಗಟ್ಟಿ ನೆಲದ ಹಾಗೇ ಕಾಣುತ್ತಿತ್ತು. ಸುತ್ತಿ ಹೋದರೆ ದೂರ, ಅಡ್ಡ ಹಾಯ್ದರೆ ಹತ್ತಿರ. ನಿಧಾನವಾದರೂ ಚಿಂತೆಯಿಲ್ಲ, ದಾರಿಯಲ್ಲೇ ಹೋಗೋಣ ಎಂದಳು ಹೆಂಡತಿ. ಆ ಮಂಡಿಗೆ ಅಷ್ಟು ದೂರ ಆಗದು ಅನ್ನುವುದು ಮೇಷ್ಟ್ರ ಮನಸ್ಸಿನಲ್ಲಿತ್ತು. ಬಾಯಿಗೆ ಬರಲಿಲ್ಲ. ಅಂಥ ಮಾತು ಅವರ ಬಾಯಿಗೆ ಬಂದು ವರ್ಷಗಳೇ ಆಗಿದ್ದವು.

ಅಷ್ಟರಲ್ಲಿ ಬೀದಿನಾಯಿಯೊಂದು ಕೆರೆಯನ್ನು ಅಡ್ಡ ದಾಟಿ ಆಚೆ ದಡ ಸೇರಿ ಮೈ ಕೆರೆದುಕೊಂಡಿತು. ಮೇಷ್ಟ್ರಿಗೆ ಅಷ್ಟು ಸಾಕಾಯಿತು. ನಾಯಿಗೆ ತೂಕ ಕಡಿಮೆ ನಿಜ, ಆದರೆ ಪಾದಗಳು ಪುಟ್ಟವು. ತಮ್ಮದು ತೂಕ ಜಾಸ್ತಿ, ಆದರೆ ಬೂಟಿನ ಅಡಿ ಅಗಲ. ಭಾರವನ್ನು ಅದು ಊರಿದ ಜಾಗಕ್ಕೆ ಹಂಚಿ ನೋಡಿದರೆ ನೆಲದ ಮೇಲಿನ ಒತ್ತಡ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಮನಸ್ಸಿನಲ್ಲೇ ಲೆಕ್ಕ ಹಾಕಿ, ಎರಡು ಸಲ ತಾಳೆ ನೋಡಿ, ನಾನು ಮೊದಲು ಹೋಗಿ ನೋಡುತ್ತೇನೆ, ಆಮೇಲೆ ಬಾ ಎಂದು ಇಳಿದೇಬಿಟ್ಟರು.

ಲೆಕ್ಕ ಸರಿಯಾಗಿತ್ತು. ನಿಂತ ಮನುಷ್ಯನಿಗೆ ಸರಿಯಾಗಿತ್ತು. ಸಾಕಷ್ಟು ಒಳಗೆ ಹೋದ ಮೇಲೆ, ಬಲಗಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದಾಗ, ಮೇಷ್ಟ್ರಿಗೆ ಹೊಳೆಯಿತು: ನಡೆಯುವಾಗ ನಾಯಿಗೆ ಒಂದು ಕಾಲು ಮೇಲೆದ್ದರೂ ಊರುವುದಕ್ಕೆ ಮೂರು ಉಳಿಯುತ್ತವೆ. ತಮಗೆ ಉಳಿಯುವುದು ಒಂದೇ. ಇಡೀ ಭಾರ ಒಂದೇ ಬೂಟಿನ ಮೇಲೆ, ಒತ್ತಡ ಇಮ್ಮಡಿ. ಹೊಳೆದಾಗ ಎಡಗಾಲು ಆಗಲೇ ಹೊರಟುಹೋಗಿತ್ತು.

ಬಲಗಾಲು ಊರಿ ಎಡಗಾಲು ಕೀಳಲು ನೋಡಿದರು. ಬಲಗಾಲು ಇಳಿಯಿತು. ಬಲಗಾಲು ಕಿತ್ತರೆ ಎಡಗಾಲು ಇನ್ನಷ್ಟು ಇಳಿಯಿತು. ಬೂಟಿನಡಿಗೆ ಗಾಳಿ ಹೋಗದೆ ಕಾಲು ಮೇಲೇಳುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಈಗ ಮಾಡಬೇಕಾದ್ದೇನು ಅನ್ನುವುದೂ ಗೊತ್ತಿತ್ತು. ಪ್ರತಿ ವರ್ಷ ತರಗತಿಯಲ್ಲಿ ಇದೇ ಪ್ರಶ್ನೆ ಹಾಕುತ್ತಿದ್ದವರು ಅವರು: ಕೆಸರಿನಲ್ಲಿ ಸಿಕ್ಕಿಬಿದ್ದವನು ಏನು ಮಾಡಬೇಕು? ಕೂಗಿಕೊಳ್ಳಬೇಕು ಸಾರ್ ಅಂದವನ ಅಂಗೈಗೆ ಸ್ಕೇಲು ಬೀಳುತ್ತಿತ್ತು.

ದಡದ ಮೇಲೆ ಜನ ಸೇರಿದರು. ಪುಕ್ಕಟೆ ತಮಾಷೆಗೆ ಯಾರು ಬರುವುದಿಲ್ಲ? ಮೊದಲು ಬಂದವನು ಔಷಧಿ ಅಂಗಡಿಯವನು, ಹಿಂದೆ ಕೂಗಿಕೊಳ್ಳಬೇಕು ಎಂದು ಉತ್ತರ ಕೊಟ್ಟವರಲ್ಲಿ ಒಬ್ಬ.

"ಸಾರ್, ಮಲಗಿ ಸಾರ್," ಎಂದು ಕೂಗಿದ. "ಬೆನ್ನು ಕೊಟ್ಟು ಮಲಗಿಬಿಡಿ. ಭಾರ ಹಂಚಿಹೋಗುತ್ತೆ."

"ಗೊತ್ತು," ಎಂದರು ಮೇಷ್ಟ್ರು.

ಗೊತ್ತಿದ್ದೂ ಮಲಗಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವುದು ಇದಕ್ಕೇ ಇರಬೇಕು. ತಾವು ಪಾಠ ಹೇಳಿದ ಅರ್ಧ ಊರು ದಡದಲ್ಲಿ ನಿಂತಿರುವಾಗ ಕೆಸರಿನಲ್ಲಿ ಅಂಗಾತ ಬೀಳುವುದೆಂದರೇನು? ಒಬ್ಬ ಆಗಲೇ ಫೋನು ಎತ್ತಿ ಹಿಡಿದಿದ್ದ.

ಹೂಳೆತ್ತುವ ಯಂತ್ರದ ಡ್ರೈವರು ಹಗ್ಗ ತಂದು ಎಸೆದ. ಮೇಷ್ಟ್ರು ಅದನ್ನು ಎದೆಗೆ ಕಟ್ಟಿಕೊಂಡರು. ದಡದವರು ಎಳೆದರು. ನೆಟ್ಟ ಕಂಬವನ್ನು ಅಡ್ಡಕ್ಕೆ ಎಳೆದರೆ ಕಂಬ ಮುರಿಯಬಹುದು, ಕಿತ್ತು ಬರುವುದಿಲ್ಲ. ಪಕ್ಕೆಲುಬಿನ ನೋವು ಹಲ್ಲು ಕಚ್ಚಿ ತಡೆದು, ನಿಲ್ಲಿಸಿ ಎಂದು ಕೈ ತೋರಿಸಿದರು. ಅಷ್ಟು ಹೊತ್ತಿಗೆ ಕೆಸರು ತೊಡೆ ದಾಟಿ ಸೊಂಟಕ್ಕೆ ಬಂದಿತ್ತು. ಡ್ರೈವರು ಮೇಷ್ಟ್ರ ಹೆಂಡತಿಯ ಹತ್ತಿರ ಬಂದು, ಹೋದ ವಾರ ಅಲ್ಲೇ ಆಳ ನೋಡಲು ಇಳಿಬಿಟ್ಟ ಕಬ್ಬಿಣದ ಸರಳು ತಳ ಮುಟ್ಟಲೇ ಇಲ್ಲ ಎಂದು ಮೆಲ್ಲಗೆ ಹೇಳಿದ. ಅಗ್ನಿಶಾಮಕದವರಿಗೆ ಫೋನು ಹೋಗಿತ್ತು, ಅವರು ದಾರಿಯಲ್ಲಿದ್ದರು.

ಮೇಷ್ಟ್ರು ದಡದ ಕಡೆ ನೋಡಲಿಲ್ಲ. ಎದುರಿಗಿನ ಖಾಲಿ ಜಾಗವನ್ನು ನೋಡುತ್ತ ನಿಂತರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇವರು ಬೀಳುವುದಕ್ಕೇ ಒಪ್ಪಲಿಲ್ಲ. ಆದರೆ ಒಂದೊಂದು ಉಸಿರಿಗೂ ಇಷ್ಟಿಷ್ಟೇ ಇಳಿಯುವುದು ತಿಳಿಯುತ್ತಿತ್ತು. ಸಾಯುವುದಾದರೂ ಹೀಗೇ ನಿಂತು ಸತ್ತರೆ ಒಬ್ಬರೂ ಆಡಿಕೊಳ್ಳಲಾರರು ಅನ್ನುವ ಯೋಚನೆ ಕೂಡ ಬಂದುಹೋಯಿತು.

ಹಿಂದೆ ದಡದವರ ಗಲಾಟೆ ಏಕಾಏಕಿ ನಿಂತಿತು. ಯಾರೋ "ಬೇಡಮ್ಮಾ" ಅಂದರು. ಆಮೇಲೆ ಪಚಕ್ ಪಚಕ್ ಎಂದು ಏನೋ ತೆವಳಿ ಬರುವ ಸದ್ದು. ಮೇಷ್ಟ್ರು ಕತ್ತು ತಿರುಗಿಸಿ ನೋಡಿದರು.

ಹೆಂಡತಿ ಬರುತ್ತಿದ್ದಳು. ಹೊಟ್ಟೆಯ ಮೇಲೆ. ಕೈಕಾಲು ಅಗಲಿಸಿಕೊಂಡು, ಗದ್ದ ಕೆಸರಿಗೆ ತಾಗಿಸಿಕೊಂಡು, ಡಾಕ್ಟರ ಹತ್ತಿರ ಹೋಗುವುದಕ್ಕೆಂದು ಉಟ್ಟ ಒಳ್ಳೆಯ ಬಟ್ಟೆಯಲ್ಲಿ ಮೊಸಳೆಯ ಹಾಗೆ ತೆವಳಿಕೊಂಡು ಬರುತ್ತಿದ್ದಳು. ಇಂಥ ನೋವಿನ ಮಂಡಿಯವಳು ಹೀಗೆ ಬರುವುದಾದರೂ ಹೇಗೆ ಎಂದು ಅವರಿಗೆ ಅರ್ಥವಾಗಲಿಲ್ಲ. ದಡದಲ್ಲಿ ಯಾರೋ ಕಿಸಕ್ಕನೆ ನಕ್ಕರು, ಇನ್ನಾರೋ ಅವರನ್ನು ಗದರಿದರು.

"ಹಿಂದಕ್ಕೆ ಹೋಗು," ಎಂದರು ಮೇಷ್ಟ್ರು. "ಎಲ್ಲರೂ ನೋಡ್ತಿದಾರೆ."

ಆಕೆ ಅವರ ಪಕ್ಕಕ್ಕೆ ಬಂದು, ಮುಖ ಎತ್ತಿ, ಕಣ್ಣಿಗೆ ಬಂದ ಕೆಸರನ್ನು ತೋಳಿನಿಂದ ಒರೆಸಿ ಇನ್ನಷ್ಟು ಮಾಡಿಕೊಂಡಳು.

"ನೋಡಲಿ ರೀ. ಈಗ ಎಲ್ಲರೂ ನೋಡ್ತಿರೋದು ನನ್ನ," ಎಂದಳು. "ನಿಮ್ಮನ್ನ ಯಾರೂ ನೋಡ್ತಿಲ್ಲ. ಮಲಗಿ."

ಮೇಷ್ಟ್ರು ಆ ಮುಖವನ್ನು ನೋಡಿದರು. ಅಲ್ಲಿ ಕೋಪವಿರಲಿಲ್ಲ, ಹಂಗಿಸುವ ಗುರುತೂ ಇರಲಿಲ್ಲ. ತುಟಿ ಮಾತ್ರ ನಡುಗುತ್ತಿತ್ತು. ತಾವು ನಿಂತು ಸಾಯುವ ಲೆಕ್ಕದಲ್ಲಿ ಇವಳನ್ನು ಎಲ್ಲೂ ಸೇರಿಸಿರಲೇ ಇಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಅವರು ಮಲಗಿದರು. ಮೊದಲು ಸೊಂಟ ಬಾಗಿತು, ಆಮೇಲೆ ಬೆನ್ನು, ಕೊನೆಗೆ ತಲೆ. ಕೆಸರು ಕಾಲರಿನೊಳಗೆ ತಣ್ಣಗೆ ಇಳಿದು, ಕಿವಿ ತುಂಬಿ, ಮೀಸೆಯ ತುದಿಯವರೆಗೂ ಬಂದು ನಿಂತಿತು. ಮುಳುಗಲಿಲ್ಲ. ಪಾಠದಲ್ಲಿ ಹೇಳಿದ್ದ ಹಾಗೆಯೇ ಆಯಿತು. ಹೆಂಡತಿ ಅವರ ಭುಜದ ಬಟ್ಟೆ ಹಿಡಿದುಕೊಂಡಳು. ಅವರು ಕಾಲುಗಳನ್ನು ಮೆಲ್ಲಗೆ ಅತ್ತಿತ್ತ ಅಲುಗಿಸುತ್ತ ಹೋದರು. ಬಹಳ ಹೊತ್ತಿನ ಮೇಲೆ ಎಡಗಾಲು ಬಂತು, ಬೂಟು ಅಲ್ಲೇ ಉಳಿಯಿತು. ಬಲಗಾಲೂ ಹಾಗೇ. ದಡದವರು ಹಗ್ಗವನ್ನು ಹದವಾಗಿ ಎಳೆಯತೊಡಗಿದರು. ಇಬ್ಬರೂ ಕೆಸರಿನ ಮೇಲೆ ಅಕ್ಕಪಕ್ಕ ಜಾರಿಕೊಂಡು ಹೊರಟರು.

ಅರ್ಧ ದಾರಿಯಲ್ಲಿ ಮೇಷ್ಟ್ರು ಆಕಾಶ ನೋಡುತ್ತಲೇ ಕೇಳಿದರು, "ಹೆದರಿದೆಯಾ?"

"ಹೂಂ."

ಹಗ್ಗ ಇನ್ನೊಂದಿಷ್ಟು ಎಳೆಯಿತು.

"ನನಗೂ ತುಂಬಾ ಹೆದರಿಕೆ ಆಯ್ತು ಕಣೇ," ಎಂದರು ಮೇಷ್ಟ್ರು. ದಡದವರಿಗೆ ಕೇಳಿಸಬಾರದು ಅಂತ ಅದನ್ನು ಮಾತ್ರ ಬಹಳ ಮೆಲ್ಲಗೆ ಹೇಳಿದರು.