ಹೋಗಿ ಬರ್ತೇನಿ

ವಾಣಿಶ್ರೀ ನರ್ಸ್ ಆಗಲು ಒಂದೇ ಒಂದು ಸಹಿ ಬಾಕಿಯಿತ್ತು. ನಾಲ್ಕು ವರ್ಷ ವಾರಕ್ಕೆ ಮೂರು ದಿನ ಡಚ್ಚರ ನಾಡಿನ ಆಮರ್ಸ್‌ಫೋರ್ಟ್ ಊರಿನ ವೃದ್ಧಾಶ್ರಮದಲ್ಲಿ ದುಡಿಮೆ, ಒಂದು ದಿನ ಕಾಲೇಜು; ಕೆಲಸ ಮಾಡುತ್ತಲೇ ಪಡೆಯುವ ಪದವಿ. ಮೂವತ್ತೊಂಬತ್ತರ ವಯಸ್ಸಿನಲ್ಲಿ ಡಚ್ ಭಾಷೆಯ ಜೊತೆ ಗುದ್ದಾಡಿ, ಇಂಜೆಕ್ಷನ್ನು, ಗಾಯಕ್ಕೆ ಪಟ್ಟಿ, ಮಾತ್ರೆಯ ಪ್ರಮಾಣ ಎಲ್ಲದರಲ್ಲೂ ಸೈ ಅನ್ನಿಸಿಕೊಂಡಿದ್ದಳು. ಕೊನೆಯ ಪ್ರಾಯೋಗಿಕ ಪರೀಕ್ಷೆಯ ಹಾಳೆಯಲ್ಲಿ ಮಾತ್ರ ಮೇಲ್ವಿಚಾರಕಿ ಮಾರ್ಗ್ರೀತ್ ಸಹಿ ಹಾಕದೆ ಒಂದು ಸಾಲು ಬರೆದಿದ್ದಳು: ‘ಕೊಟ್ಟ ಮಾತು ಉಳಿಸಿಕೊಳ್ಳುವುದಿಲ್ಲ.’

ವಾಣಿಶ್ರೀಗೆ ಮೈಯೆಲ್ಲ ಉರಿದುಹೋಯಿತು. ಜ್ವರ ಬಂದರೂ ಕೆಲಸ ತಪ್ಪಿಸದವಳು ಅವಳು.

“ನಾನ್ಯಾವ ಮಾತು ತಪ್ಪಿದೆ?” ಎಂದು ಮಾರ್ಗ್ರೀತಳನ್ನು ಕೇಳಿಯೇಬಿಟ್ಟಳು.

“ಡೆಕ್ಕರ್ ಅಜ್ಜಿ ಸಂಜೆ ಊಟಕ್ಕೇ ಬರಲ್ಲ. ನಿನಗೆ ಅಂತ ಒಂದು ಕಪ್ ಕಾಫಿ ಮುಚ್ಚಿಟ್ಟುಕೊಂಡು ಕೂತಿರ್ತಾಳೆ. ಯಾಕೆ ಅಂದರೆ, ವಾಣಿ ಬರ್ತೀನಿ ಅಂದಿದ್ದಾಳೆ ಅಂತಾಳೆ.”

ಆಗ ಹೊಳೆಯಿತು. ಕೆಲಸವಿದ್ದ ದಿನವೆಲ್ಲ ಮೂರೂವರೆಗೆ ಮುಗಿಸಿ ಹೊರಡುವಾಗ ಅಜ್ಜಿಯ ಕೈ ಹಿಡಿದು ಡಚ್ಚಿನಲ್ಲಿ ಹೇಳುತ್ತಿದ್ದಳಲ್ಲ, “ಹೋಗಿ ಬರ್ತೀನಿ” ಅಂತ! ಎಂಬತ್ತಾರು ವರ್ಷದ ಆ ಜೀವ ಮಾತನ್ನು ಮಾತೆಂದೇ ನಂಬಿ ಕಾಯುತ್ತಿತ್ತು. ಒಂದು ವರ್ಷದಿಂದ! ವಾಣಿಶ್ರೀಯ ಸಿಟ್ಟೆಲ್ಲ ಇಳಿಯಿತು; ನಮ್ಮ ಕಡೆ ಹೊರಡುವಾಗ ಹಾಗೆನ್ನುವುದು ರೂಢಿ ಅಂತ ವಿವರಿಸಿದಳು.

ವಿಷಯ ಕೇಳಿ ಮಾರ್ಗ್ರೀತ್ ನಕ್ಕಳು. “ಅಷ್ಟೇ ತಾನೆ? ‘ನಾನು ಹೋಗ್ತೀನಿ’ ಅನ್ನು. ಗುರುವಾರ ಮತ್ತೆ ನೋಡ್ತೀನಿ.”

ಅಷ್ಟೇ ಅಂತೆ. ಸ್ನಾನದ ಮನೆಯ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. ಡಚ್ಚಿನಲ್ಲಿ ಎರಡೇ ಪದ, ನಾಲಗೆ ಮೇಲೇಳಲಿಲ್ಲ. ಅದೂ ಅಷ್ಟು ವಯಸ್ಸಾದವರ ಮುಂದೆ ನಿಂತು! ಮೊದಲು ಕನ್ನಡದಲ್ಲಾದರೂ ಅಂದು ನೋಡೋಣವೆಂದು ‘ಹೋಗ್ತೇನಿ’ ಅಂದಳು. ಧಾರವಾಡದಿಂದ ಮೂರು ತಿಂಗಳಿಗೆಂದು ಬಂದಿದ್ದ ಅತ್ತೆ ಪಾರ್ವತೆವ್ವನಿಗೆ ಇದು ಕೇಳಿಸಿತು.

“ಹೋಗ್ತೇನಿ ಅಂದ್ಯಾ? ಬಿಡ್ತು ಅನ್ನ ಮೊದ್ಲ!”

“ಬಿಡ್ತು,” ಅಂದಳು ಸೊಸೆ. “ಆದ್ರ ಬರ್ತೇನಿ ಅಂದ್ರ ಆ ಆಶ್ರಮದ ಅಜ್ಜಿ ಊಟ ಬಿಟ್ಟು ಕಾಯ್ತಾಳ್ರಿ ಅತ್ತಿ. ನನ್ನ ಸಹೀನೂ ಹೋಗ್ತೈತಿ.”

ಪಾರ್ವತೆವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಳು. “ಈ ಮಂದಿ ಚಾ ಕುಡ್ಯಾಕೂ ಡೈರಿ ತಗದು ನೋಡ್ತಾರಂತ ನೀನ ಹೇಳಿದ್ಯಲ್ಲ? ಬರ್ತೇನಿ ಅನ್ನೂದು ಬಿಡಬ್ಯಾಡ. ಯಾವಾಗ ಬರ್ತಿ, ಅದನ್ನೂ ಹೇಳು.”

ಓದಿದ ಸೊಸೆಗೆ ಹೊಳೆಯದ್ದು ತನಗೆ ಹೊಳೆದ ಖುಷಿಗೆ ಅತ್ತೆ ಆ ದಿನ ಎರಡು ರೊಟ್ಟಿ ಹೆಚ್ಚೇ ಬಡಿದಳು.

ಗುರುವಾರ ಮೂರೂವರೆ. ಮಾರ್ಗ್ರೀತ್ ಹಾಳೆ ಹಿಡಿದು ಡೆಕ್ಕರ್ ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತಳು. ವಾಣಿಶ್ರೀ ಪೆನ್ನು ತೆಗೆದಳು. ಅಜ್ಜಿಯ ಮೇಜಿನ ಕ್ಯಾಲೆಂಡರಿನಲ್ಲಿ ಶುಕ್ರವಾರದ ಚೌಕದೊಳಗೆ ದಪ್ಪ ಅಕ್ಷರದಲ್ಲಿ ಬರೆದಳು: ವಾಣಿ, ಬೆಳಿಗ್ಗೆ ಏಳೂವರೆ.

“ಇವತ್ತಿನ ನನ್ನ ಕೆಲಸ ಮುಗೀತು. ಮನೆಗೆ ಹೊರಟಿದ್ದೀನಿ. ನಾಳೆ ಏಳೂವರೆಗೆ ಬರ್ತೀನಿ.”

ಅಜ್ಜಿ ಕನ್ನಡಕ ಏರಿಸಿ ಓದಿದಳು. “ಅಂದರೆ ಇವತ್ತು ಇನ್ನು ಬರಲ್ಲ?”

“ಇಲ್ಲ. ಇಷ್ಟು ದಿನ ಕಾಯಿಸಿದ್ದು ನನ್ನ ತಪ್ಪು.”

“ಸದ್ಯ!” ಅಂದಳು ಅಜ್ಜಿ. “ದಿನಾ ಆ ತಣ್ಣಗಾದ ಕಾಫೀನ ನಾನೇ ಕುಡೀಬೇಕಿತ್ತು.” ವಾಣಿಗೆಂದು ತೆಗೆದಿಟ್ಟಿದ್ದ, ಇನ್ನೂ ಕಾಫಿ ಹಾಕದ ಕಪ್ಪನ್ನು ಒಳಗಿಡು ಎಂಬಂತೆ ಅವಳ ಕೈಗಿತ್ತಳು. ಆಮೇಲೆ ವರ್ಷದಿಂದ ಕೇಳಿ ಕೇಳಿ ಬಾಯಿಗೆ ಬಂದಿದ್ದನ್ನೇ ತಿರುಗಿಸಿ ಹೇಳಿದಳು: “ಹೋಗಿ ಬಾ.”

ವಾಣಿಶ್ರೀಗೆ ಕಣ್ಣು ತುಂಬಿ ಬಂತು. ಈ ದೇಶಕ್ಕೆ ಬಂದಮೇಲೆ ಹೊರಗಿನವರ್ಯಾರೂ ಅವಳನ್ನು ಹಾಗೆ ಕಳಿಸಿಕೊಟ್ಟಿರಲಿಲ್ಲ.

ಮಾರ್ಗ್ರೀತ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು. “ಇದನ್ನ ಬರೆಯೋಕೆ ಇದರಲ್ಲಿ ಜಾಗಾನೇ ಇಲ್ವಲ್ಲ,” ಎಂದು ಗೊಣಗಿಕೊಂಡು ಸಹಿ ಹಾಕಿದಳು.