ಜಗಲಿ ಏರಿದ ಚಾವಿ

ಕೀಲಿಕೈಯ ಹಲ್ಲಿಗೆ ನಾಗರತ್ನಾ ಬಿಳಿ ನೂಲು ಸುತ್ತುತ್ತಿರುವುದನ್ನು ನೋಡಿ ಅತ್ತೆ ಬಾಳವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

"ಏನವಾ, ಚಾವಿಗೆ ಗಾಯ ಆಗೇತೇನ? ಪಟ್ಟಿ ಕಟ್ಟಾಕತ್ತಿ."

"ಹಲ್ಲಿಗೆ ಬಣ್ಣ ಹತ್ತಬಾರದ್ರಿ ಅತ್ತಿ. ಹತ್ತಿತಂದ್ರ ಗಾಡ್ಯಾಗ ಹೋಗೂದಿಲ್ಲ, ಹೋದ್ರೂ ತಿರಗೂದಿಲ್ಲ."

"ಮಗನ ಜಾವಳಕ್ಕೂ ನೀ ಇಷ್ಟ ಒದ್ದಾಡಿರ್ಲಿಲ್ಲ ಬಿಡು."

ಅದು ಮನೆಯ ಹಳೆಯ ಮಾರುತಿಯ ಎರಡನೆಯ ಕೀಲಿಕೈ. ವರ್ಷಗಟ್ಟಲೆ ಡ್ರೈವರ್ ಮಕಬೂಲಸಾಬನ ಹತ್ತಿರ ಇದ್ದದ್ದು. ಅವನ ಹೆಬ್ಬೆರಳು ಉಜ್ಜಿ ಉಜ್ಜಿ ಅದರ ಕಪ್ಪು ತಲೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ರಿಂಗು ಹಾಕುವ ಕಣ್ಣು ಒಡೆದುಹೋಗಿ, ಅವನು ಅದರ ಕುತ್ತಿಗೆಗೆ ಬೂಟಿನ ಲಾಡಿ ಕಟ್ಟಿಕೊಂಡು ಓಡಾಡುತ್ತಿದ್ದ. ಈ ಮಳೆಗಾಲ ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟಾಗ ಅವನು ಕೀಲಿಕೈ ಕೊಟ್ಟದ್ದು ನಾಗರತ್ನಾಳ ಕೈಗೆ. ಗಾಡಿ ಕಲಿಸಿದವನೂ ಅವನೇ. "ಕ್ಲಚ್ಚಿನ ಮ್ಯಾಲೆ ಕಾಲಿಟ್ಟ ನಿದ್ದಿ ಮಾಡಬ್ಯಾಡ್ರಿ ಬಾಯಾರ. ಬಾಕಿ ಎಲ್ಲಾ ನಿಮಗ ಬಂದೈತಿ" ಎಂದು ಹೇಳಿ ಹೋಗಿದ್ದ. ಲೈಸೆನ್ಸೂ ಬಂದಿತ್ತು. ಗಂಡ ಶಂಭುಲಿಂಗನ ತಕರಾರು ಇರಲಿಲ್ಲ; ಗೇರಿನ ಮೇಲೆ ಕೈಯಿಟ್ಟರೆ ಬೆವರುವ ಮನುಷ್ಯ ಅವನು. ತಕರಾರು ಇದ್ದದ್ದು ಮಾವ ನೀಲಕಂಠಪ್ಪನದು.

ನೀಲಕಂಠಪ್ಪನಿಗೆ ಪೇಟೆಯಲ್ಲಿ ಕಾಳಿನ ಅಂಗಡಿ. ಆ ಮನೆಯಲ್ಲಿ ಮಹಾನವಮಿಯ ಖಂಡೇಪೂಜೆಯ ಬೆಳಿಗ್ಗೆ ತಕ್ಕಡಿ, ತೂಕದ ಕಲ್ಲು, ಕುಡುಗೋಲುಗಳ ಜೊತೆ ಗಾಡಿಯ ಕೀಲಿಕೈಯೂ ದೇವರ ಜಗಲಿಯ ಮೇಲೆ ಕೂರಬೇಕು. ಹಾಗೆ ಕೂತ ಕೀಲಿಕೈ ಯಾರದೋ ಅವರೇ ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಿ ಓಣಿ ಸುತ್ತಿ ಬರಬೇಕು. ಆಮೇಲೆ ವರ್ಷವಿಡೀ ಗಾಡಿ ಯಾರ ಕೈಯಲ್ಲಿ ಎಂದು ಯಾರೂ ಕೇಳುವುದಿಲ್ಲ.

ಹಬ್ಬಕ್ಕೆ ಇನ್ನೂ ಒಂದು ವಾರವಿದ್ದಾಗ ನಾಗರತ್ನಾ ಮಾವನ ಊಟವಾಗುವುದನ್ನೇ ಕಾದು ಕೀಲಿಕೈಯನ್ನು ಮುಂದಿಟ್ಟಿದ್ದಳು. ನೀಲಕಂಠಪ್ಪ ಅದನ್ನು ತಿರುಗಿಸಿ ನೋಡಿ ನಕ್ಕಿದ್ದ.

"ಒಡಕ ಸಾಮಾನ ಜಗಲಿ ಏರೂದಿಲ್ಲವಾ. ಒಡಕ ಗಂಗಾಳದಾಗ ದೇವರಿಗೆ ಎಡಿ ಹಿಡೀತಾರೇನ?"

"ದುರ್ಗದಬೈಲಿಗೆ ಹೋಗಿ ಹೊಸಾದ ಮಾಡಸ್ಕೊಂಡ ಬರ್ಲೇನ್ರಿ ಮಾಂವಾರ?"

"ನಕಲೀ ಚಾವಿಗೆ ಪೂಜಿ ಮಾಡಂತಿ? ಇದನ್ನ ಹೊಸಾದ ಮಾಡಿ ತೋರ್ಸು. ಆವತ್ತ ಗಾಡಿ ನಿಂದ."

ಚೇಷ್ಟೆಗೆ ಅಂದು ಅವನು ಕೈತೊಳೆಯಲು ಎದ್ದುಹೋದ. ನಾಗರತ್ನಾ ಅದನ್ನು ಚೇಷ್ಟೆ ಎಂದು ತೆಗೆದುಕೊಳ್ಳಲಿಲ್ಲ. ಉಪ್ಪಿನಬೆಟಗೇರಿಯ ತವರಿನ ಓಣಿಯಲ್ಲಿ ತಾನೇ ಗಾಡಿ ನಿಲ್ಲಿಸಬೇಕು, ಅಣ್ಣ ಹೊರಗೆ ಬಂದು ಡ್ರೈವರ್ ಎಲ್ಲಿ ಎಂದು ಹುಡುಕಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ಮೊದಲು ಸಾಬೂನಿನ ನೀರಿನಲ್ಲಿ ಹಳೆಯ ಬ್ರಶ್ಶಿನಿಂದ ತಿಕ್ಕಿದಳು. ವರ್ಷಗಳ ಜಿಡ್ಡು ಕಂದು ನೀರಾಗಿ ಇಳಿಯಿತು. ಪಾಲಿಶ್ ಕಾಗದದಿಂದ ಗೀರುಗಳನ್ನು ಉಜ್ಜಿದಳು. ಸ್ವೆಟರ್ ಹೆಣೆಯುವ ಸೂಜಿಗೆ ಶೇಂಗಾ ಎಣ್ಣೆ ಸವರಿ, ಅದರ ಸುತ್ತ ಎಮ್-ಸೀಲನ್ನು ಕಣಕದಂತೆ ನಾದಿ ಮೆತ್ತಿ, ಒಡೆದ ಕಣ್ಣನ್ನು ಮತ್ತೆ ಕಟ್ಟಿದಳು. ಅದು ಗಟ್ಟಿಯಾದ ಮೇಲೆ, ಕಿಟಕಿಯ ಸರಳಿಗೆ ಹಚ್ಚಿ ಉಳಿದಿದ್ದ ಕಪ್ಪು ಬಣ್ಣವನ್ನು ಮಗನ ಚಿತ್ರದ ಕುಂಚದಿಂದ ಬಳಿದಳು. ತಗ್ಗಾಗಿ ಕೊರೆದ ಅಕ್ಷರಗಳಲ್ಲಿ ಬಿಳಿ ಬಣ್ಣ ತುಂಬಿ, ಹೆಚ್ಚಾದದ್ದನ್ನು ಕಾರ್ಡಿನ ಅಂಚಿನಿಂದ ಗೀಸಿದಾಗ ಅಕ್ಷರಗಳು ಎದ್ದು ನಿಂತವು. ಕೀಲಿಕೈ ಆಗಷ್ಟೇ ತೊಳೆದ ನೇರಳೆಹಣ್ಣಿನಂತೆ ಹೊಳೆಯುತ್ತಿತ್ತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಾರು ಉಕ್ಕಿದ್ದು ತಿಳಿಯದಷ್ಟು ಹೊತ್ತು ನೋಡುತ್ತ ನಿಂತಿದ್ದಳು.

ತಪ್ಪಾದದ್ದು ಹಬ್ಬದ ಬೆಳಿಗ್ಗೆ. ಸ್ನಾನ ಮಾಡಿ ಬಂದು ದೀಪದ ಬೆಳಕಲ್ಲಿ ನೋಡಿದರೆ ಕೀಲಿಕೈಯ ಕಣ್ಣಿನ ಹತ್ತಿರ ಸಾಸಿವೆಯಷ್ಟು ಜಾಗ ಮಂಕಾಗಿ ಕಂಡಿತು. ಬೇರೆ ಯಾರಿಗೂ ಕಾಣುವಂಥದ್ದಲ್ಲ. ಅವಳ ಮನಸ್ಸು ತಡೆಯಲಿಲ್ಲ. ಇನ್ನೊಂದು ಸಲ ಬಣ್ಣ ಬಳಿದು, ಪೂಜೆಯ ಹೊತ್ತಿಗೆ ಒಣಗೀತು ಎಂದು ಜಗಲಿಯ ಮೇಲಿಟ್ಟು ಒಲೆಯ ಕಡೆ ಹೋದಳು.

"ರಾಹುಕಾಲ ಬರೂದ್ರಾಗ ಮುಗಸೂಣು ನಡೀರಿ" ಎಂದು ನೀಲಕಂಠಪ್ಪ ಅವಸರ ಮಾಡಿದ. ನಾಗರತ್ನಾ ಹೋಳಿಗೆಯ ಹಂಚು ಇಳಿಸಿ ಓಡಿ ಬರುವುದರಲ್ಲಿ ಅವನು ವಿಭೂತಿಯನ್ನು ಅಂಗೈಯಲ್ಲಿ ತೇಯ್ದು, ಮಂತ್ರ ಹೇಳುತ್ತ, ತಕ್ಕಡಿಗೆ, ಕಲ್ಲಿಗೆ, ಕುಡುಗೋಲಿಗೆ ಮೂರು ಬೆರಳು ಎಳೆಯುತ್ತ ಬಂದಿದ್ದ. ಮಂತ್ರದ ನಡುವೆ ಬಾಯಿ ಹಾಕುವುದು ಹೇಗೆ? ಅವಳು ಕೈ ಎತ್ತಿದಳು. ಅಷ್ಟರಲ್ಲಿ ಬೆರಳು ಕೀಲಿಕೈಯ ಮೇಲೆ ಕೂತು, ಅಂಟಿ, ಬಿಡಿಸಿಕೊಂಡಿತು. ಮಂತ್ರದ ಓಘದಲ್ಲಿ ನೀಲಕಂಠಪ್ಪ ಅದೇ ಬೆರಳುಗಳನ್ನು ತನ್ನ ಹಣೆಗೂ ಎಳೆದುಕೊಂಡ.

ಮೂರು ಕಪ್ಪು ಗೆರೆ.

ಬಾಳವ್ವ ಸೆರಗನ್ನು ಬಾಯಿಗೆ ಒತ್ತಿದಳು. ಶಂಭುಲಿಂಗ ತೊಲೆಗಳನ್ನು ನೋಡತೊಡಗಿದ.

"ಏನ ನಗಾಕತ್ತೀರಿ?" ಎಂದವನು ಬೆರಳು ನೋಡಿಕೊಂಡ. "ಹಸೀ ಐತಲ್ಲ ಇದು!"

ಕೀಲಿಕೈಯ ಕಪ್ಪಿನಲ್ಲಿ ಬೂದಿಯ ಮೂರು ಪಟ್ಟೆ ಹೂತುಹೋಗಿದ್ದವು, ಬೆರಳಿನ ಗೆರೆಗಳ ಸಮೇತ. ಅಕ್ಷರಗಳು ಅರ್ಧ ಮುಚ್ಚಿದ್ದವು. ವಾರದ ಕೆಲಸ.

"ತಪ್ಪಾತ್ರಿ ಮಾಂವಾರ. ಒಂದ ಕಲಿ ಕಂಡಿತ್ತು. ಮುಂಜಾನೆ ಮತ್ತ ಬಣ್ಣ ಹಚ್ಚಿದ್ದೆ."

"ನಿನ್ನೀನ ಛಲೋ ಆಗಿತ್ತಲ್ಲ! ನಾ ನೋಡಿದ್ನೆಲ್ಲ!"

"ಆಗಿತ್ರಿ. ಇನ್ನಷ್ಟ ಛಲೋ ಆಗ್ಲಿ ಅಂತ..."

ನೀಲಕಂಠಪ್ಪ ಉಗುರಿನಿಂದ ಬೂದಿಯನ್ನು ಕೆರೆಯಲು ಹೋದ. ಬಾಳವ್ವ ನಗು ನುಂಗಿ ಮುಂದೆ ಬಂದಳು.

"ಕೆರೀಬ್ಯಾಡ್ರಿ. ಉಳಿದದ್ದರ ವಿಭೂತಿ ಸಂಜೀಕ ಉದರತೈತಿ. ಇದಕ್ಕ ಹಚ್ಚಿದ್ದು ಗಾಡಿ ಮುರಿಯೂತನಕಾ ಇರತೈತಿ. ನಿಮ್ಮ ಕೈಲೇನ ಹಚ್ಚೀರಿ. ಇನ್ನ ಇದನ್ನ ಜಗಲಿಯಿಂದ ಇಳಸವ್ರು ಯಾರು?"

ಅವನು ಕೆರೆಯುವುದನ್ನು ಬಿಟ್ಟ. ಕೀಲಿಕೈಯ ಹೊಸ ಕಣ್ಣಿನಲ್ಲಿ ಕಿರುಬೆರಳ ತುದಿ ತೂರಿಸಿ ಜಗ್ಗಿದ. ಇನ್ನೊಮ್ಮೆ, ಒಡೆಯಲೇಬೇಕು ಎನ್ನುವಂತೆ ಜಗ್ಗಿದ. ಅದು ಅಲುಗಲಿಲ್ಲ.

"ಇದನ್ನ ಯಾತರ್ಲೆ ಮಾಡಿದಿ?"

"ಎಮ್-ಸೀಲ್ ರಿ. ಸ್ವೆಟರ್ ಸೂಜಿ ಸುತ್ತ ಕಟ್ಟೇನಿ."

"ಹೂಂ" ಎಂದ ನೀಲಕಂಠಪ್ಪ. ಪೇಟೆಯಲ್ಲಿ ಕಾಳನ್ನು ಹಲ್ಲಲ್ಲಿ ಕಡಿದು ನೋಡಿ, ಮಾಲು ಒಪ್ಪಿಗೆಯಾದಾಗಲೂ ಅವನು ಅನ್ನುವುದು ಇಷ್ಟೇ. ಆಮೇಲೆ ಮಗನ ಕಡೆ ತಿರುಗಿದ. "ನಿಂತ ಏನ ನೋಡ್ತಿ? ಗಾಲಿಗೆ ನಿಂಬಿಹಣ್ಣ ಇಡು."

"ಮೊದಲ ಆ ಹಣಿ ಒರಸ್ಕೋರಿ. ಚಿಮಣಿ ಎಣ್ಣಿ ತರ್ತೀನಿ" ಎಂದಳು ಬಾಳವ್ವ.

"ಹಬ್ಬದ ದಿವಸ ಹಣಿಗೆ ಚಿಮಣಿ ಎಣ್ಣಿ? ಇರ್ಲಿ ಬಿಡು."

ನೂಲು ಬಿಚ್ಚಿದ ಹಲ್ಲು ಶುಭ್ರವಾಗಿತ್ತು. ನಾಗರತ್ನಾಳ ಪಕ್ಕದ ಸೀಟಿನಲ್ಲಿ ನೀಲಕಂಠಪ್ಪ ಕೂತ. ಕೀಲಿಕೈ ಸಲೀಸಾಗಿ ಒಳಗೆ ಹೋಯಿತು, ತಿರುಗಿತು. ಗಾಲಿಗಳ ಕೆಳಗೆ ನಿಂಬೆಹಣ್ಣುಗಳು ಪಟಪಟನೆ ಒಡೆದವು. ಓಣಿಯ ಜನ ಗೇಟಿಗೆ ಬಂದು ನೋಡಿದರು. ಸೊಸೆಯನ್ನು ನೋಡಬೇಕೋ ಮಾವನ ಹಣೆಯನ್ನು ನೋಡಬೇಕೋ ಅವರಿಗೆ ತಿಳಿಯಲಿಲ್ಲ. ನಾಗರತ್ನಾ ಬೆನ್ನು ನೆಟ್ಟಗೆ ಮಾಡಿ ಕೂತಳು.

ಓಣಿಯ ಕೊನೆಗೆ ಅವಳು ಗಾಡಿ ತಿರುಗಿಸಲು ಹೊರಟಾಗ ನೀಲಕಂಠಪ್ಪ, "ಗಬ್ಬೂರತನಕಾ ನಡಿ, ನೋಡೂಣು" ಎಂದ. ಎರಡೂ ಕೈಗಳಿಂದ ಮುಂದಿನ ಡ್ಯಾಶ್‌ಬೋರ್ಡನ್ನು ಹಿಡಿದುಕೊಂಡಿದ್ದ. ಎದುರು ಬಸ್ಸು ಬಂದಾಗಲೆಲ್ಲ ಅವನ ಬಲಗಾಲು ನೆಲ ಒತ್ತುತ್ತಿತ್ತು.

"ಬ್ರೇಕ್... ಬ್ರೇಕ್ ಹಾಕು!"

"ಮಾಂವಾರ, ಬ್ರೇಕ್ ನನ್ನ ಕಡೆ ಐತ್ರಿ."

ಗಬ್ಬೂರು ಬಂತು, ಹೋಯಿತು. ತಿರುಗಿಸು ಎಂದು ಅವನು ಹೇಳಲಿಲ್ಲ. ಮುಂದೆ ಶೇಂಗಾ ಬಳ್ಳಿ ಹೇರಿದ ಟ್ರ್ಯಾಕ್ಟರೊಂದು ರಸ್ತೆಯ ನಡುವೆ ತೂಗಾಡುತ್ತ ಹೋಗುತ್ತಿತ್ತು. ನಾಗರತ್ನಾ ಹಾರ್ನಿನ ಮೇಲೆ ಹೆಬ್ಬೆರಳಿಟ್ಟು ಎಡಕ್ಕೆ ನೋಡಿದಳು. ನೀಲಕಂಠಪ್ಪನ ಕೈಗಳು ತೊಡೆಯ ಮೇಲೆ ಇಳಿದಿದ್ದವು. ಕಪ್ಪು ಗೆರೆಗಳ ಹಣೆ ಪಕ್ಕದ ಗಾಜಿಗೆ ಒರಗಿತ್ತು. ಬಾಯಿ ಅರ್ಧ ತೆರೆದಿತ್ತು. ಸಣ್ಣ ಗೊರಕೆ ಕೇಳುತ್ತಿತ್ತು.

ಅವಳು ಹೆಬ್ಬೆರಳು ತೆಗೆದಳು. ಸದ್ದಾಗದಂತೆ ಗೇರು ಇಳಿಸಿ, ಟ್ರ್ಯಾಕ್ಟರಿನ ಹಿಂದೆ ನಿಧಾನ ಹೊರಟಳು. ಹಸಿ ಮಣ್ಣು ಮೆತ್ತಿದ ಬಳ್ಳಿಯೊಂದು ಹಾರಿ ಬಂದು ಮುಂದಿನ ಗಾಜಿನ ಮೇಲೆ ಬಿತ್ತು, ಅಲ್ಲೇ ಕೂತಿತು.