ಚೌಡಯ್ಯನ ನಲ್ಲಿಯ ನೀರು

“ಆ ಕ್ಯಾನ್ ನೀರು ಬ್ಯಾಡ ಬಿಡು ಮಗಾ,” ಎನ್ನುತ್ತ ನೆರೆಮನೆಯ ಅಮ್ಮಯಮ್ಮ ಸ್ನೇಹಳ ಕೈಯ ಚೊಂಬನ್ನು ಕಿತ್ತುಕೊಂಡು ಅಂಗಳಕ್ಕೆ ಚೆಲ್ಲಿದಳು. “ಬೀದಿಗೆಲ್ಲ ನೀರು ಕೊಟ್ಟ ಪುಣ್ಯಾತ್ಮ ನಿಮ್ಮಪ್ಪ. ಕೊನೇ ಗುಟುಕು ಅವನ ಬೋರ್‌ವೆಲ್‌ದೇ ಆಗ್ಬೇಕು.”

ರೇಷ್ಮೆನೂಲಿಗೆ ಬಣ್ಣ ಹಾಕುತ್ತಿದ್ದ ಚೌಡಯ್ಯ ಬೆಳಗಿನ ಜಾವ ಎದೆನೋವಿನಿಂದ ತೀರಿಕೊಂಡಿದ್ದ. ಎಷ್ಟು ತೊಳೆದರೂ ಶವದ ಉಗುರುಗಳ ನೀಲಿ ಬಿಟ್ಟಿರಲಿಲ್ಲ. ವಿಮಾನ ನಿಲ್ದಾಣವಾದ ಮೇಲೆ ಟ್ಯಾಂಕರುಗಳೆಲ್ಲ ದೇವನಹಳ್ಳಿಯ ಹೊಸ ಬಡಾವಣೆಗಳತ್ತ ತಿರುಗಿದಾಗ, ದೊಡ್ಡಬಳ್ಳಾಪುರದ ಈ ಬೀದಿಗೆ ಅವನೇ ಗೋಡೆಯಾಚೆ ನಲ್ಲಿ ಇರಿಸಿದ್ದ. ಜಲದಾನಿಗೆ ಸದ್ಗತಿ ನಿಶ್ಚಯವೆಂದು ನೆರೆದವರು ಆಡಿಕೊಳ್ಳುತ್ತಿದ್ದರು.

“ತಾನು ಮಾತ್ರ ಒಂದು ವರ್ಷದಿಂದ ಕ್ಯಾನ್ ನೀರು! ‘ಬೋರ್ ನೀರು ಹೊಟ್ಟೆಗಾಗಲ್ಲ ಕಣಕ್ಕ’ ಅಂತಿದ್ದ. ‘ಸಾಹುಕಾರನ ಹೊಟ್ಟೆ ಕಣೋ ನಿಂದು’ ಅಂತ ಆಡ್ಕೊತಿದ್ದೆ, ಪಾಪ,” ಎಂದಳು ಅಮ್ಮಯಮ್ಮ.

*

ಹಿಂದಿನ ವರ್ಷ ಸ್ನೇಹ ಕಾಲೇಜಿನ ಪ್ರಯೋಗಾಲಯದಿಂದ ಪುಟ್ಟ ಸೀಸೆಯೊಂದನ್ನು ತಂದಿದ್ದಳು. ನಲ್ಲೂರಿನ ಹುಣಸೆಹಣ್ಣಿನ ಸಿಪ್ಪೆಯನ್ನು ಬೇಯಿಸಿ ಪಡೆದ ಇಂಗಾಲದ ಅತಿಸೂಕ್ಷ್ಮ ಕಣಗಳು ಅದರ ದ್ರವದಲ್ಲಿದ್ದವು. ಕಿಟಕಿ ಮುಚ್ಚಿ ನೇರಳಾತೀತ ಟಾರ್ಚು ಹಿಡಿದಾಗ ದ್ರವ ನೀಲಿಯಾಗಿ ಪ್ರಜ್ವಲಿಸಿತು.

“ಲೇ ಗಂಗಾ, ಹುಣ್ಸೆ ಸಿಪ್ಪೇಲಿ ದೀಪ ಹಚ್ತಾಳೆ ನೋಡೇ ನಿನ್ ಮಗ್ಳು!” ಎಂದು ಚೌಡಯ್ಯ ಹೆಂಡತಿಯನ್ನು ಕೂಗಿದ.

ಲೋಹವಿಷ ಸೋಂಕಿದರೆ ನಂದುವ ಪ್ರಭೆ ಅದು. ನಲ್ಲಿಯ ನೀರು ಬೆರೆಸುತ್ತಲೇ ಸೀಸೆ ಕತ್ತಲಾಯಿತು. ಕಾಲೇಜಿನಲ್ಲಿ ಮರುಪರೀಕ್ಷೆ ಮಾಡಿದಾಗಲೂ ಅದೇ ಫಲ.

“ಕ್ರೋಮಿಯಂ ಅಪ್ಪ. ನಮ್ಮ ಬಣ್ಣದ ಗುಂಡಿಯಿಂದ ಬೋರ್‌ವೆಲ್‌ಗೆ ಇಳಿದಿದೆ. ನಲ್ಲಿ ಮುಚ್ಚಿಬಿಡು.”

“ಮುಚ್ಚಿದ್ರೆ ಯಾಕೆ ಅಂತ ಕೇಳ್ತಾರೆ. ಸುಮ್ನಿರು.”

ಮರುದಿನ ಮನೆಗೆ ಕ್ಯಾನ್ ಬಂತು. ಒಲೆಯ ಮುಂದಿದ್ದ ತಾಯಿ ಗಂಗಲಕ್ಷ್ಮಮ್ಮ ಏನೂ ಕೇಳಲಿಲ್ಲ. ಅವಳಿಗೆ ಏನೂ ತಿಳಿದಿಲ್ಲವೆಂದೇ ಸ್ನೇಹ ನಂಬಿದಳು.

*

ಅಮ್ಮಯಮ್ಮ ನಲ್ಲಿಯಿಂದ ಚೊಂಬು ತುಂಬಿಸಿ ತಂದಳು. ಬಾಗಿಲಿಗೊರಗಿ ಬೆವರುತ್ತಿದ್ದ ತನ್ನ ತುಂಬುಬಸುರಿ ಸೊಸೆಗೆ, “ನೀನೊಂದು ಗುಟುಕು ಕುಡಿಯವ್ವ,” ಎಂದು ಮೊದಲು ಕುಡಿಸಿದಳು.

ಸ್ನೇಹ ಅತ್ತ ಒಂದು ಹೆಜ್ಜೆಯಿಟ್ಟು ನಿಂತುಬಿಟ್ಟಳು. ಈಗ ಹೇಳಿದರೆ ಅಪ್ಪನ ಚಟ್ಟಕ್ಕೆ ಹೆಗಲು ಕೊಡುವವರಾರು?

ತುಳಸಿಯದ್ದಿದ ಚೊಂಬು ಶವದ ತುಟಿಯತ್ತ ಬಾಗಿತು. ಅದುವರೆಗೆ ಕಲ್ಲಿನಂತೆ ಕುಳಿತಿದ್ದ ಗಂಗಲಕ್ಷ್ಮಮ್ಮನ ಕೈ ತಟ್ಟನೆ ಚಾಚಿ ಗಂಡನ ಬಾಯನ್ನು ಭದ್ರವಾಗಿ ಮುಚ್ಚಿತು. ನೀರು ಅವಳ ಬೆರಳುಗಳ ಮೇಲೆ ಹರಿದು ಹೊದಿಕೆಯನ್ನು ನೆನೆಸಿತು.

ಅಮ್ಮಯಮ್ಮ ಆ ಕೈಯನ್ನು ನೋಡಿದಳು, ಚೊಂಬನ್ನು ನೋಡಿದಳು. ಬಳಿಕ ನಿಧಾನವಾಗಿ ತಿರುಗಿ, ಸೊಸೆಯ ಒದ್ದೆ ತುಟಿಗಳನ್ನು ನೋಡಿದಳು.